ಕ್ಯಾಪ್ಟನ್ ಬೋಪಯ್ಯ ಕಾಣದ ಆಕಾಶ

ಆ ಕಾಲದಲ್ಲಿ ಹೊಸ ಪೈಲಟ್‌ಗಳಿಗೆ ಸತ್ತವರೇ ಪಾಠ ಹೇಳುತ್ತಿದ್ದರು. ಅವರ ಕೊನೆಯ ಹಾರಾಟವನ್ನು ನೆಲದಲ್ಲೇ ಹಾರಾಟ ಕಲಿಸುವ ಸಿಮ್ಯುಲೇಟರ್ ಯಂತ್ರಕ್ಕೆ ತುಂಬಿ, ಅವರ ದನಿಯನ್ನು ಪಕ್ಕದ ಖಾಲಿ ಸೀಟಿನಲ್ಲಿ ಕೂರಿಸುತ್ತಿದ್ದರು. ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ.

ಧಾರವಾಡದ ಶಿವಲೀಲಾಳ ಪಾಲಿಗೆ ಬಂದವರು ಕ್ಯಾಪ್ಟನ್ ಬೋಪಯ್ಯ. ಒಂಬತ್ತು ವರ್ಷಗಳ ಹಿಂದೆ ಮಂಜಿನಲ್ಲಿ ವಿಮಾನ ಇಳಿಸಲು ಹೋಗಿ ಗುಡ್ಡಕ್ಕೆ ಬಡಿದು ತೀರಿಕೊಂಡಿದ್ದರು. ಅವರ ಮೆತ್ತನೆಯ ಮಾತು ನಂಬಿ ಅವಳು ಐದು ದಿನವೂ ಇಳಿಸಿದ್ದಳು. ಐದು ದಿನವೂ ವಿಮಾನ ಅದೇ ಗುಡ್ಡಕ್ಕೆ ಬಡಿದು ಪರದೆ ಕಪ್ಪಾಗಿತ್ತು.

ಆರನೆಯ ದಿನ ಎತ್ತರ ತೋರಿಸುವ ಮುಳ್ಳು ಇನ್ನೂರು ಅಡಿಗೆ ಬಂತು. ರನ್‌ವೇ ಕಾಣದಿದ್ದರೆ ಅಲ್ಲಿಂದ ಮತ್ತೆ ಮೇಲೇರಲೇಬೇಕು.

"ದೀಪ ಕಾಣ್ತಿದೆಯಲ್ಲಮ್ಮ, ಇಳಿಸು" ಎಂದರು ಬೋಪಯ್ಯ.

ಗಾಜಿನಾಚೆ ಬರೀ ಬಿಳುಪಿತ್ತು. "ನಂಗೇನೂ ಕಾಣವಲ್ದ್ರಿ ಸರ್" ಎಂದು ಶಿವಲೀಲಾ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟಳು. ಗುಡ್ಡ ವಿಮಾನದ ಹೊಟ್ಟೆಯಡಿಯಲ್ಲೇ ಸರಿದುಹೋಯಿತು.

ಆ ಗುಡ್ಡದಾಚೆಗೆ ಬೋಪಯ್ಯನವರ ಒಂದು ಮಾತೂ ಯಂತ್ರದಲ್ಲಿರಲಿಲ್ಲ. ಪಾಠ ಮುಗಿಯಿತೆಂದು ಅವಳು ಹೆಡ್‌ಫೋನಿಗೆ ಕೈಹಾಕಿದಳು.

"ಇಲ್ಲೀವರೆಗೆ ನಾನು ಬಂದೇ ಇರ್ಲಿಲ್ಲಮ್ಮ" ಎಂದಿತು ಪಕ್ಕದ ಸೀಟಿನಿಂದ ಸಣ್ಣ ದನಿ. "ಇನ್ನು ಎಲ್ಲಿಗೆ ಹೋಗೋದು?"

ಅವಳು ಹೆಡ್‌ಫೋನಿನಿಂದ ಕೈ ತೆಗೆದು ಇಂಧನದ ಮುಳ್ಳು ನೋಡಿದಳು. ಇಂಧನ ಇನ್ನೂ ನಲವತ್ತು ನಿಮಿಷಕ್ಕಿತ್ತು.

"ಮಂಜಿಲ್ಲದ ಊರು ಹುಡುಕೂಣ್ರಿ ಸರ್" ಎಂದು ಅವಳು ವಿಮಾನ ತಿರುಗಿಸಿದಳು.