ಭೂಪಟಕ್ಕೆ ನೀಲಿ

ಬೆಟ್ಟದ ಮೇಲಿನ ಆ ಅಂತಾರಾಷ್ಟ್ರೀಯ ಶಾಲೆಯಲ್ಲಿ ಕಲಿಕೆಯೆಲ್ಲ ಮಕ್ಕಳ ಕೈಯಿಂದಲೇ ಆಗಬೇಕೆಂಬ ನಿಯಮವಿತ್ತು. ಹಾಗಾಗಿ ಯಾವ ದೇಶ ಕಡಲಲ್ಲಿ ಮುಳುಗಿದರೂ ಗೋಡೆಯ ಭೂಪಟದಲ್ಲಿ ಅದಕ್ಕೆ ನೀಲಿ ಬಳಿಯುವುದು ಆ ದೇಶದ ಮಗುವೇ. ಈ ಸೋಮವಾರ ಒಂಬತ್ತನೇ ತರಗತಿಯ ಸಿನಾಳ ಸರದಿ.

ವಿಮಲಾಕ್ಷಿ ಮಿಸ್ ಬ್ರಷ್ ಕೊಡಲು ಹಿಂಜರಿದರು. "ನಾನು ಬಳೀಲಾ ಪುಟ್ಟಾ?"

"ಬೇಡ ಮಿಸ್, ಮಾರ್ಕ್ಸ್ ಕಟ್ ಆಗುತ್ತೆ."

ಅಕ್ಕಿಕಾಳಿನಷ್ಟಿದ್ದ ತನ್ನ ದ್ವೀಪದ ಮೇಲೆ ಸಿನಾ ಎರಡು ಸಲ ಬ್ರಷ್ ಎಳೆದಳು. ಪಕ್ಕದ ದ್ವೀಪಕ್ಕೆ ಬಣ್ಣ ತಾಗದಂತೆ ಉಸಿರು ಬಿಗಿಹಿಡಿದಿದ್ದಳು. ಅದು ಗೆಳೆಯ ಟೆವಿಟಾನದು. ಮಕ್ಕಳು ಎಂದಿನಂತೆ ಚಪ್ಪಾಳೆ ತಟ್ಟಿದರು.

ಬ್ರಷ್ ತೊಳೆದಿಡಲು ಮಿಸ್ ಕೈಚಾಚಿದರು. ಸಿನಾ ಅದನ್ನೂ ಬಣ್ಣದ ಡಬ್ಬಿಯನ್ನೂ ಟೆವಿಟಾನ ಕೈಗಿತ್ತಳು.

"ನೀನೇ ಇಟ್ಕೋ. ನಿಂಗೂ ಸಾಕಾಗೋಷ್ಟು ಬಣ್ಣ ಉಳಿಸಿದೀನಿ."