“ರೂಪಕಲಾ ಸಿಸ್ಟರ್ ಇಲ್ವಾ?”

ಇದು ನಮ್ಮ ಅತ್ತಿಗೆ ಹೇಳಿದ ಕಥೆ. ಅವರು ಒಂದು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಕೇಳಿದ ಮೇಲೆ ನನ್ನೊಳಗೇ ಇಟ್ಟುಕೊಳ್ಳಲು ಆಗಲಿಲ್ಲ...

ಅವರ ವಾರ್ಡಿನಲ್ಲಿ ವಿಮಲಾಕ್ಷಿ ಎಂಬ ಹಿರಿಯ ನರ್ಸ್ ಇದ್ದಾರೆ. ಆಸ್ಪತ್ರೆ ಶುರುವಾದಾಗಿನಿಂದ ಅಲ್ಲೇ ಇರುವವರು. ಡಾಕ್ಟರುಗಳೂ ಅವರ ಮಾತಿಗೆ ಬೆಲೆ ಕೊಡುತ್ತಿದ್ದರು.

ಆಮೇಲೆ ರೂಪಕಲಾ ಬಂದಳು.

ಚಳ್ಳಕೆರೆ ಕಡೆಯ ಹುಡುಗಿ. ಮಾತು ಕಡಿಮೆ. ಆದರೆ ಎಳೆಗೂಸುಗಳಿಗೆ ಡ್ರಿಪ್ ಹಾಕಲು ನರ ಹುಡುಕುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಕೂತಿರುತ್ತಿತ್ತು.

ಕೆಲವೇ ತಿಂಗಳು... ವಾರ್ಡಿನ ತುಂಬ ಒಂದೇ ಮಾತು. “ರೂಪಕಲಾ ಸಿಸ್ಟರ್ ಇಲ್ವಾ?”

ವಿಮಲಾಕ್ಷಿ ಎದುರಿಗೇ ನಿಂತಿದ್ದರೂ ತಾಯಂದಿರು ಅವರ ಹೆಗಲಾಚೆ ನೋಡಿ ಹಾಗೆ ಕೇಳುತ್ತಿದ್ದರು.

ಕೇಳಿದಾಗಲೆಲ್ಲ ವಿಮಲಾಕ್ಷಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಡಿಸ್ಚಾರ್ಜ್ ಆದವರು ಕೊಡುವ ಸ್ವೀಟ್ ಬಾಕ್ಸ್ ಮೊದಲೆಲ್ಲ ವಿಮಲಾಕ್ಷಿಯ ಕೈಗೆ ಬರುತ್ತಿತ್ತು. ಈಗ ರೂಪಕಲಾಳ ಕೈಗೆ. ರೂಪಕಲಾ ಅದನ್ನು ಮೊದಲು ಇವರ ಮುಂದೆಯೇ ಹಿಡಿಯುತ್ತಿದ್ದಳು. “ನನಗೆ ಶುಗರ್ ಇದೆ ಕಣಮ್ಮ” ಎಂದು ಮುಖ ತಿರುಗಿಸುತ್ತಿದ್ದರು.

ಶುಗರ್ ಇರಲಿಲ್ಲ...

ನರ್ಸ್ ದಿನಾಚರಣೆಗೆ ರೂಪಕಲಾಗೆ ಶಾಲು ಹೊದಿಸಿದಾಗ ವಿಮಲಾಕ್ಷಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಗಂಡನ ಮುಂದೆ ಪಾತ್ರೆ ಕುಕ್ಕಿದರು. “ನಿನ್ನೆ ಮೊನ್ನೆ ಬಂದೋಳು ರೀ ಅವ್ಳು. ಸೂಜಿ ಚುಚ್ಚೋಕೆ ಬಂದ್ರೆ ಮುಗೀತಾ?”

ಒಮ್ಮೆ ರೂಪಕಲಾಳ ಸೂಜಿಯೂ ತಪ್ಪಿತು. ವಿಮಲಾಕ್ಷಿಗೆ ಒಳಗೊಳಗೇ ಖುಷಿಯಾಯಿತು. ಆ ಮಗುವಿನ ಕೈಯ ರಕ್ತ ಒರೆಸುವಾಗಲೂ ಆ ಖುಷಿ ಹೋಗಲಿಲ್ಲ.

ಅದನ್ನು ಕಂಡು ಅವರಿಗೇ ಭಯವಾಯಿತು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ...

ಬೇಸಿಗೆಯ ಒಂದು ಮಧ್ಯಾಹ್ನ. ವಾಂತಿ ಭೇದಿಯಿಂದ ಬಸವಳಿದ ಕೂಸನ್ನು ಅವುಚಿಕೊಂಡು ಒಬ್ಬ ತಾಯಿ ಓಡಿ ಬಂದಳು. ಕೂಸಿನ ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು.

ಡಾಕ್ಟರ್ ನೋಡಿದ ಕೂಡಲೇ ಹೇಳಿದರು. “ತಕ್ಷಣ ಡ್ರಿಪ್ ಹಾಕ್ಬೇಕು. ರೂಪಕಲಾನ ಕರೀರಿ.”

“ಅವ್ಳು ಊಟಕ್ಕೆ ಹೋಗಿದಾಳೆ ಡಾಕ್ಟ್ರೇ. ನಾನೇ ಹಾಕ್ತೀನಿ” ಎಂದರು ವಿಮಲಾಕ್ಷಿ.

ಡಾಕ್ಟರ್ ಇನ್ನೊಂದು ಮಗುವಿನ ಕಡೆಗೆ ಹೋದರು. ವಿಮಲಾಕ್ಷಿ ಸೂಜಿ ಹಾಕಿದರು. ನರ ಸಿಗಲಿಲ್ಲ. ಇನ್ನೊಂದು ಕೈಗೆ ಹಾಕಿದರು. ಅಲ್ಲೂ ಸಿಗಲಿಲ್ಲ.

“ಅಯ್ಯೋ, ಯಾಕ್ ಹಿಂಗ್ ಚುಚ್ತಿದೀರಾ ನನ್ ಮಗೂನ...” ತಾಯಿ ಚೀರತೊಡಗಿದಳು.

ಪಕ್ಕದ ಬೆಡ್ಡಿನವರು ಮೆಲ್ಲಗೆ ಕೇಳಿದರು. “ರೂಪಕಲಾ ಸಿಸ್ಟರ್ ಇಲ್ವಾ?”

ಫೋನ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕರೆದರೆ ಎಲ್ಲರೆದುರು ಸೋತಂತೆ. ವಿಮಲಾಕ್ಷಿ ಮತ್ತೆ ಸೂಜಿ ಎತ್ತಿಕೊಂಡರು...

ಅಷ್ಟರಲ್ಲಿ ಕೂಸಿನ ಅಳು ನಿಂತಿತು. ಸಮಾಧಾನವಾಗಿ ಅಲ್ಲ, ಅಳಲು ಶಕ್ತಿಯಿಲ್ಲದೆ.

ಸೂಜಿ ಕೆಳಗಿಟ್ಟು ಫೋನ್ ಮಾಡಿದರು. “ರೂಪಾ, ಬೇಗ ಬಾಮ್ಮ. ನನ್ನ ಕೈಲಿ ಆಗ್ತಿಲ್ಲ.”

ಅರ್ಧ ಊಟ ಬಿಟ್ಟು ರೂಪಕಲಾ ಓಡಿ ಬಂದಳು. ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಹತ್ತಿರ ಹೋದರೆ ತಾಯಿ ಕೂಸನ್ನು ಬಿಡಲೊಲ್ಲಳು. “ಇನ್ನು ಯಾರೂ ಮುಟ್ಬೇಡಿ” ಎಂದು ಎದೆಗೊತ್ತಿಕೊಂಡಳು.

ರೂಪಕಲಾ ತಬ್ಬಿಬ್ಬಾಗಿ ವಿಮಲಾಕ್ಷಿಯ ಮುಖ ನೋಡಿದಳು. “ಅಕ್ಕಾ, ನೀವು ಹೇಳಿ. ನಂಗೆ ಅದು ಬರಲ್ಲ.”

ವಿಮಲಾಕ್ಷಿ ಆ ತಾಯಿಯ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು. “ಮಗೂನ ಮನೇಲಿ ಏನಂತ ಕರೀತೀಯಮ್ಮ?”

“ಚಿನ್ನಿ...”

“ಹಂಗೇ ಕರೀತಾ ಇರು. ಅದಕ್ಕೆ ನಿನ್ನ ದನಿ ಕೇಳ್ಬೇಕು. ನಾನು ಎದ್ದು ಹೋಗಲ್ಲ, ನಿನ್ನ ಜೊತೇಲೇ ಇರ್ತೀನಿ.”

“ಚಿನ್ನೀ... ಚಿನ್ನೀ...” ತಾಯಿಯ ಹಿಡಿತ ನಿಧಾನವಾಗಿ ಸಡಿಲವಾಯಿತು.

ರೂಪಕಲಾ ಪಾದದ ಬಳಿ ನರ ಹುಡುಕಿ ಸೂಜಿ ಕೂರಿಸಿದಳು. ಡ್ರಿಪ್ ತೊಟ್ಟಿಕ್ಕತೊಡಗಿತು.

ಸಂಜೆಯ ಹೊತ್ತಿಗೆ ಚಿನ್ನಿ ಹಸಿವಿಗೆ ವಾರ್ಡೇ ಹಾರುವಂತೆ ಅತ್ತಳು. ಅಷ್ಟು ಚೆಂದದ ಅಳು ಅಲ್ಲಿ ಯಾರೂ ಕೇಳಿರಲಿಲ್ಲ...

ಡ್ಯೂಟಿ ರೂಮಿನಲ್ಲಿ ವಿಮಲಾಕ್ಷಿ ಒಬ್ಬರೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ರೂಪಕಲಾ ಒಳಗೆ ಬಂದಳು.

“ನಿನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ ಕಣೇ. ಹೊಟ್ಟೆ ಉರಿ. ಇವತ್ತು ಆ ಮಗೂನ ಚುಚ್ಚಿದ್ದು ನನ್ನ ಕೈಯಲ್ಲ, ನನ್ನ ಹೊಟ್ಟೆ ಉರಿ.”

ರೂಪಕಲಾ ತಲೆ ತಗ್ಗಿಸಿ ಹೇಳಿದಳು. “ನಂಗೂ ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು ಅಕ್ಕಾ.”

“ನಿನಗ್ಯಾಕೆ?”

“ನಾನು ಬಂದ ಹೊಸದ್ರಲ್ಲಿ ಒಂದು ಮಗು ತೀರಿಕೊಳ್ತಲ್ಲ... ಆ ತಾಯಿಗೆ ಏನು ಹೇಳ್ಬೇಕೋ ಗೊತ್ತಾಗ್ದೆ ನಾನು ಬಾತ್‌ರೂಮಲ್ಲಿ ಬಚ್ಚಿಟ್ಕೊಂಡಿದ್ದೆ. ನೀವು ಅವ್ರನ್ನ ತಬ್ಬಿಕೊಂಡು ಕೂತಿದ್ರಿ. ಇವ್ರಿಗೆ ಕೊಟ್ಟಿದ್ದನ್ನ ದೇವ್ರು ನಂಗ್ಯಾಕೆ ಕೊಡ್ಲಿಲ್ಲ ಅಂತ ಸಂಕಟ ಆಯ್ತು. ನಿಮ್ಮನ್ನೇ ಕೇಳಿ ಕಲೀಬೇಕು ಅಂತ ಎಷ್ಟೋ ಸಲ ಬಂದೆ. ನಿಮ್ಮ ಮುಖ ನೋಡಿ ಹೆದರಿ ವಾಪಸ್ ಹೋದೆ.”

ವಿಮಲಾಕ್ಷಿಗೆ ಅಳು ತಡೆಯಲಾಗಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡರು... ತಾವೇ ದಿನವೂ ಶಪಿಸುತ್ತಿದ್ದ ಕೈಗಳು.

“ನಂಗೆ ನಿನ್ನ ಕೆಲಸ ಹೇಳಿಕೊಡ್ತೀಯಾ?”

“ನೀವು ನಂಗೆ ಮಾತಾಡೋದು ಕಲಿಸ್ತೀರಾ?”

“ಮಾತಲ್ಲ ಕಣೇ ಅದು. ಅವರ ಪಕ್ಕ ಎದ್ದು ಹೋಗ್ದೆ ಕೂರೋದು, ಅಷ್ಟೇ. ಕಲಿಸ್ತೀನಿ.”

ಹೊಟ್ಟೆಕಿಚ್ಚು ಪೂರ್ತಿ ಹೋಯಿತಾ ಎಂದು ನಮ್ಮ ಅತ್ತಿಗೆ ಈಚೆಗೆ ವಿಮಲಾಕ್ಷಿಯವರನ್ನು ಕೇಳಿದರಂತೆ.

“ಎಲ್ಲಿ ಹೋಗತ್ತೆ, ಆಗಾಗ ಬರತ್ತೆ” ಎಂದು ಅವರು ನಕ್ಕರಂತೆ. “ಬಂದಾಗ ಹೋಗಿ ಅವ್ಳ ಪಕ್ಕ ನಿಂತು, ಕೈ ಹೇಗೆ ಓಡತ್ತೆ ಅಂತ ನೋಡ್ತೀನಿ.”

ಯಾರನ್ನು ಕಂಡರೆ ನಮ್ಮ ಹೊಟ್ಟೆ ಉರಿಯುತ್ತದೋ, ನಮಗೆ ಪಾಠ ಹೇಳಬೇಕಾದ ಗುರು ಬಹುಶಃ ಅವರೇ.

ನೀವು ಕೆಲಸ ಮಾಡುವ ಕಡೆ ಅಂಥವರು ಯಾರಿದ್ದಾರೆ... “ನನಗೂ ಕಲಿಸಿ” ಎಂದು ಅವರನ್ನು ಎಂದಾದರೂ ಕೇಳಿದ್ದೀರಾ?