ಕಪ್ಪು ಅಂಚಿನ ಲಕೋಟೆ

ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಗಲ್ಫಿನ ಸೀಬ್ ಪಟ್ಟಣದ ನಮ್ಮ ಫ್ಲಾಟಿನಲ್ಲಿ ಅಪ್ಪ, ಅಮ್ಮ ಮತ್ತು ನಾನು ಇದ್ದೆವು. ಹಳೆಯ ಅಂಟಿನ ವಾಸನೆ ಬಂದರೆ ಈಗಲೂ ನನಗೆ ಆ ಹೊತ್ತೇ ಎದುರಿಗೆ ಬರುತ್ತದೆ.

ಅಪ್ಪ ಅಮೆರಿಕದ ಹಳೆಯ ಅಂಚೆ ಲಕೋಟೆಗಳನ್ನು ಸಂಗ್ರಹಿಸುತ್ತಿದ್ದರು. ಶುಕ್ರವಾರ ಊಟವಾದ ಮೇಲೆ ಕೈ ತೊಳೆದು, ಒರೆಸಿಕೊಂಡು, ಅವನ್ನು ಅಳೆದು ಆಲ್ಬಮಿಗೆ ಸೇರಿಸುವುದು ನಮ್ಮಿಬ್ಬರ ಕೆಲಸ. ಅಂದಿನದು ನೂರು ವರ್ಷಕ್ಕೂ ಹಿಂದಿನ ಲಕೋಟೆ. ಅಂಚೆಚೀಟಿಯನ್ನು ಅದರ ಕಾಗದದಲ್ಲೇ ಉಬ್ಬಾಗಿ ಒತ್ತಿದ್ದರು. ಬೆರಳಿಗೆ ಒಂದು ಮುಖದ ಮೂಗು, ಗಲ್ಲ ಸಿಗುತ್ತಿತ್ತು. ಕಣ್ಣಿರಬೇಕಾದ ಜಾಗ ನುಣುಪಾಗಿತ್ತು. ಸುತ್ತಲೂ ಕಪ್ಪು ಅಂಚು. ಅದನ್ನು ಯಾರೂ ಒಡೆದಿರಲಿಲ್ಲ.

“ಅದೆಂತ ಕಪ್ಪು?” ಎಂದು ಅಮ್ಮ ಕೇಳಿದರು.

“ಸಾವಿನ ಸುದ್ದಿ ಬರೆಯುವಾಗ ಅವರಲ್ಲಿ ಹಾಗೆ,” ಎಂದರು ಅಪ್ಪ.

“ಎಂತ ಮಾರಾಯ್ರೆ! ಊರಲ್ಲಿ ಅಂಥ ಕಾಗದ ಓದಿ, ಹರಿದು, ಹೊರಗೇ ಬಿಸಾಡುದು. ನೀವು ಆಲ್ಬಮಿಗೆ ಹಾಕ್ತೀರಾ? ಮಗು ಇರುವ ಮನೆ ಇದು.”

“ಒಡೆದ್ರೆ ಇದರ ಬೆಲೆಯೇ ಹೋಯ್ತು.”

“ಹೋಗ್ಲಿ. ಯಾರಾದ್ರೂ ಒಬ್ರು ಓದ್ಬೇಕಲ್ಲ, ಪಾಪ.”

ಅಪ್ಪ ಬ್ಲೇಡಿನಿಂದ ಸೀಳಿ, ಒಳಗಿನ ಹಾಳೆಯನ್ನು ಮನಸ್ಸಿನಲ್ಲೇ ಓದಿದರು. ಮತ್ತೊಮ್ಮೆ ಓದಿ, ನನ್ನತ್ತ ನೋಡಿದರು.

“ಇವಳಿಗೀಗ ಎಷ್ಟು ವರ್ಷ?”

“ಒಂಬತ್ತು. ನಿಮಗೆ ಗೊತ್ತಿಲ್ವಾ?”

“ಇದರಲ್ಲಿ ಸತ್ತ ಹುಡುಗಿಗೂ ಅಷ್ಟೇ,” ಎಂದು ಅಪ್ಪ ಹಾಳೆಯನ್ನೂ ಲಕೋಟೆಯನ್ನೂ ಸೇರಿಸಿ ನಾಲ್ಕಾಗಿ ಹರಿದರು. ಕೆಳಗೆ ಹೋಗಿ ಎಸೆದು ಬಂದು, ಬಾಗಿಲ ಹೊರಗೇ ನಿಂತು, “ಮೊದಲು ಇವಳು ಮೀಯಲಿ,” ಎಂದರು.

ನಾಲ್ಕೂವರೆಯೊಳಗೆ ಮೂವರ ತಲೆಸ್ನಾನವೂ ಮುಗಿದಿತ್ತು. ಅಮ್ಮ ಟವೆಲುಗಳನ್ನು ಹಿಂಡಿ ಬಾಲ್ಕನಿಯಲ್ಲಿ ಹರವಿದರು.